ಸವಳು ನೆಲದಾಗ ಮನಿ ಕಟ್ಟಲತ್ತೀವಿ, ಕಾಲಂನ ರಾಡ್ ತುಕ್ಕು ಹಿಡೀಬಾರ್ದಂದ್ರ ಏನ್ ಮಾಡ್ಬೇಕು?

ತೊಗರಿಹೊಲ (ಶಹಾಪುರ ತಾಲೂಕು, ಯಾದಗಿರಿ)

ಎಲ್ಲರಿಗೂ ನಮಸ್ಕಾರ್ರಿ. ನಮ್ದು ಶಹಾಪುರ ತಾಲೂಕಿನ ಒಂದು ಹಳ್ಳಿ. ನಾರಾಯಣಪುರ ಎಡದಂಡಿ ಕಾಲುವೆ ನೀರು ಬಂದ ಮ್ಯಾಲ ಭತ್ತ ಹಚ್ಚಿ ಹಚ್ಚಿ ನಮ್ಮ ಕಡಿ ನೆಲ ಎಲ್ಲಾ ಸವಳಾಗ್ಯದ, ಬ್ಯಾಸಿಗ್ಯಾಗ ಬಂದು ನೋಡಿದ್ರ ಹಿತ್ತಲದಾಗ ಸುಣ್ಣ ಚೆಲ್ಲಿದಂಗ ಬೆಳ್ಳಗ ಕಾಣ್ತದ.

ಈಗಿರೋ ಮನಿ 2011ರಾಗ ಕಟ್ಟಿದ್ದು. ಪಡಸಾಲಿ ಮುಂದ ನಾಕು ಕಾಲಂ ಅವ, ಆ ನಾಕೂ ಕಾಲಂಗೆ ನೆಲದಿಂದ ಒಂದು ಮೊಳ ಎತ್ತರದ ತನಕ ಗಿಲಾವ್ ಉಬ್ಬಿ ಉಬ್ಬಿ ಉದುರ್ಲತ್ತಿತ್ತು, ನಾವು ಗಿಲಾವ್ ಛಲೋ ಇಲ್ಲ ಅಂತ ತಿಳ್ಕೊಂಡು ಎರಡು ಸಲ ಮತ್ತ ಹಚ್ಚಿಸಿದ್ವಿ. ಹೋದ ತಿಂಗಳು ಅವ್ವ ಕಸಾ ಹೊಡೀಬೇಕಾದ್ರ ಅಂಗೈ ಅಗಲದ ಒಂದು ತುಂಡು ಕಾಂಕ್ರೀಟೇ ಕಿತ್ಕೊಂಡು ಬಿತ್ತು. ಒಳಗ ರಾಡ್ ನೋಡಿದ್ರ ಎದಿ ಝಲ್ ಅಂತು. ಉಳ್ಳಾಗಡ್ಡಿ ಸಿಪ್ಪಿ ಬಿಚ್ಚಿದಂಗ ಪದರು ಪದರು ಎದ್ದದ, ಉಗುರಿಂದ ಕೆರೆದ್ರ ಕೈಗಿ ಬರ್ತದ, ಹಾಕಿದ್ದು 12 ಎಂಎಂ ರಾಡು, ತುಕ್ಕು ಕೆರೆದು ಅಳದ್ರ ಒಂದು ಕಡಿ 9 ಎಂಎಂ ಅದ. ಬಿದ್ದ ತುಂಡಿನ ದಪ್ಪ ಬರೇ 15 ಎಂಎಂ. ನನಗ ತಿಳೀಲಾರದ್ದು ಏನಂದ್ರ, ನೆಲದ ಕೆಳಗ ಎರಡು ಫೂಟ್ ಅಗೆದು ನೋಡಿದ್ವಿ, ಸದಾ ಹಸಿ ಇರೋ ಆ ಜಾಗದಾಗ ಕಾಲಂ ಗಟ್ಟಿ ಅದ! ಕೆಟ್ಟಿದ್ದು ಮ್ಯಾಲಿನ ಆ ಒಂದು ಮೊಳ ಮಾತ್ರ.

ಈಗ ಬಾಜೂಕೇ ಹೊಸಾ ಮನಿ ಕಟ್ಟಬೇಕು, ಕೆಳಗೊಂದು ಮ್ಯಾಲೊಂದು. ಕಲಬುರಗಿ ಇಂಜಿನಿಯರ್ ಒಬ್ರು ಬಂದು ನೋಡಿ ‘ಸಮುದ್ರದ ದಂಡಿ ಮ್ಯಾಲ ಕಟ್ಟಿದಂಗ ಕಟ್ಟಬೇಕು’ ಅಂತ ಹೇಳಿ ಎಂ 35 ಕಾಂಕ್ರೀಟು (ಎಂ ಮುಂದಿನ ಅಂಕಿ ದೊಡ್ಡದಾದಷ್ಟು ಕಾಂಕ್ರೀಟು ಗಟ್ಟಿ), 50 ಎಂಎಂ ಕವರ್ (ರಾಡಿನ ಹೊರಗಿರೋ ಕಾಂಕ್ರೀಟಿನ ದಪ್ಪ) ಅಂತ ಬರೆದು ಕೊಟ್ಟಾರ. ಅಪ್ಪ ಅಂತಾರ, ಸಮುದ್ರ ಇಲ್ಲಿಂದ ನಾಕುನೂರು ಕಿಲೋಮೀಟರ್ ದೂರ ಅದ, ಇದ್ಯಾಕ ನಮ್ಗ ಅಂತ. ಗುತ್ತೇದಾರ ಅಂತಾನ, ಊರೆಲ್ಲಾ ಎಂ 20ರಾಗೇ ಕಟ್ಯಾರ, ವಾಟರ್‌ಪ್ರೂಫ್ ಪೌಡರ್ ಹಾಕಿ ಕೋಟಿಂಗ್ ಇರೋ ರಾಡ್ ತಂದ್ರ ಮುಗೀತು ಅಂತ. ಯಾರ ಮಾತು ಖರೆ? ನಮ್ಮ ಬೋರ್ ನೀರು ಸಪ್ಪಗಿಲ್ಲ, ಬಾಯಾಗ ಹಾಕಿದ್ರ ಉಪ್ಪುಪ್ಪು, ಅದ್ರಾಗ ಮಾಲ್ ಕಲಸಬಹುದಾ? ಸಿಮೆಂಟು ಯಾವುದು ತರಬೇಕು? ಮತ್ತ ಹಳೇ ಮನಿ ಕಾಲಂಗೆ ಏನಾರ ದಾರಿ ಅದಾ? ತಿಳಿದೋರು ದಯವಿಟ್ಟು ಹೇಳ್ರಿ, ಮುಂದಿನ ತಿಂಗಳು ಫುಟಿಂಗ್ (ಕಾಲಂ ಬುಡದ ಪಾಯಾ) ಹಾಕೋರಿದ್ದೀವಿ.

ಆಳಂದದವ (ಈಗ ಕರಾವಳ್ಯಾಗ ಕೆಲ್ಸ)

ತಮ್ಮಾ, ನಿಮ್ಮ ಇಂಜಿನಿಯರ್ ಹೇಳಿದ್ದು ಅಕ್ಷರಶಃ ಖರೆ ಅದ. ನಾ ಆಳಂದ ಕಡಿಯವ, 11 ವರ್ಷ ಆಯ್ತು ಕರಾವಳ್ಯಾಗ ಜೆಟ್ಟಿ (ಹಡಗು ನಿಲ್ಲೋ ಕಟ್ಟೆ), ಸೇತುವೆ ಕೆಲಸದಾಗ ಇದ್ದೀನಿ. ನೀ ಬರೆದ ಆ ‘ಒಂದು ಮೊಳ’ ಓದಿದ ಕೂಡ್ಲೇ ನಾ ದಿನಾ ನೋಡೋದೇ ನೆನಪಾಯ್ತು, ಅದ್ಕೇ ಸ್ವಲ್ಪ ಉದ್ದ ಬರೀಲತ್ತೀನಿ.

ಮೊದಲ ರಾಡ್ ಯಾಕ ತುಕ್ಕು ಹಿಡೀತದ ಅನ್ನೋದು ತಿಳ್ಕೋ. ಛಲೋ ಕಾಂಕ್ರೀಟಿನ ಒಳಗ ಸುಣ್ಣದ ಗುಣ ಜಾಸ್ತಿ ಇರ್ತದ, ಪಿಎಚ್ 12.5ರಿಂದ 13ರ ತನಕ. ಅಷ್ಟು ಕ್ಷಾರದಾಗ ಕಬ್ಬಿಣದ ಮೈಮ್ಯಾಲ ಕಣ್ಣಿಗಿ ಕಾಣಲಾರದಷ್ಟು ತೆಳು ಒಂದು ಪೊರೆ ಕಟ್ತದ, ಆ ಪೊರೆ ಇರೋ ತನಕ ನೀರು ತಾಗಿದ್ರೂ ರಾಡಿಗಿ ಏನೂ ಆಗಂಗಿಲ್ಲ. ಉಪ್ಪಿನ್ಯಾಗಿನ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ಸಣ್ಣ ತೂತಿನ್ಯಾಗಿಂದ ನಿಧಾನಕ್ಕ ಒಳಗ ಹೋಗಿ ಆ ಪೊರೆ ಒಡೀತದ. ಅಲ್ಲಿಂದ ನೀರು, ಗಾಳಿ ಎರಡೂ ಸಿಕ್ರ ತುಕ್ಕು ಚಾಲೂ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಂದ ಆರು ಪಟ್ಟಿನ ತನಕ ಜಾಗ ಕೇಳ್ತದ, ಆ ಒತ್ತಡಕ್ಕ ಕಾಂಕ್ರೀಟು ಒಳಗಿಂದ ಸೀಳ್ತದ. ನಿಮ್ಮವ್ವನ ಮುಂದ ಬಿದ್ದ ತುಂಡು ಅದೇ.

ಈಗ ನಿನ್ನ ಒಗಟು. ಜೆಟ್ಟಿಯ ಪೈಲ್ (ಸಮುದ್ರದ ತಳಕ್ಕ ಹುಗಿದ ಕಂಬ) ತಗೋ. ಸದಾ ನೀರಾಗ ಮುಳುಗಿದ ಭಾಗಕ್ಕ ಉಪ್ಪು ಬೇಕಾದಷ್ಟು ಸಿಗ್ತದ ಆದ್ರ ಗಾಳಿ ಸಿಗಂಗಿಲ್ಲ, ಅಲ್ಲಿ ತುಕ್ಕು ಭಾಳ ನಿಧಾನ. ಅಲಿ ಮುಟ್ಟಲಾರದಷ್ಟು ಮ್ಯಾಲಿನ ಭಾಗಕ್ಕ ಉಪ್ಪು ಕಮ್ಮಿ. ಭರತ ಇಳಿತ ಆಗೋ ಪಟ್ಟಿ ಮತ್ತ ಅಲಿ ಸಿಡಿಯೋ ಪಟ್ಟಿ ಅದಲ್ಲ, ಅದೇ ಸಾಯೋದು. ಅಲ್ಲಿ ಒಮ್ಮೆ ತೊಯ್ತದ, ಒಮ್ಮೆ ಒಣಗ್ತದ, ನೀರು ಆವಿ ಆಗಿ ಹೋಗ್ತದ ಉಪ್ಪು ಅಲ್ಲೇ ಉಳೀತದ, ದಿನಾ ಎರಡು ಸಲ ಹಿಂಗ ಆಗಿ ಆಗಿ ಸಮುದ್ರದ ನೀರಿನ್ಯಾಗ ಇರೋದಕ್ಕಿಂತ ಜಾಸ್ತಿ ಉಪ್ಪು ಆ ಪಟ್ಯಾಗ ಕೂಡ್ತದ, ಜೊತಿಗಿ ಗಾಳಿನೂ ಸಿಗ್ತದ. ನಿಮ್ಮ ಮನ್ಯಾಗ ಬತ್ತಿ ಎಣ್ಣಿ ಎಳೆದಂಗ ಕಾಲಂ ನೆಲದ ಸವಳು ನೀರು ಮ್ಯಾಲ ಎಳೀತದ, ಒಂದು ಮೊಳ ಏರೋದ್ರಾಗ ಬಿಸಲಿಗಿ ಒಣಗ್ತದ, ಉಪ್ಪು ಅಲ್ಲೇ ಕೂಡ್ತದ. ಕೆಳಗ ಸದಾ ಹಸಿ, ಗಾಳಿ ಇಲ್ಲ, ಅದ್ಕೇ ರಾಡ್ ಗಟ್ಟಿ ಉಳಿದದ. ಸಮುದ್ರದ ಪಟ್ಟಿ ನಿಮ್ಮ ಪಡಸಾಲಿ ಮುಂದೇ ಅದ ಅಂತ ಅಪ್ಪಾಜಿಗಿ ಹೇಳು.

ಇದು ನನ್ನ ಮಾತಲ್ಲ, ಐಎಸ್ 456:2000 ಕೋಡಿನ್ಯಾಗೇ (ಕಾಂಕ್ರೀಟು ಕೆಲಸಕ್ಕ ನಮ್ಮ ದೇಶದ ನಿಯಮದ ಪುಸ್ತಕ) ಅದ. ಅದ್ರಾಗ ಪರಿಸರ ನೋಡಿ, ಹಗುರದಿಂದ ಭಾಳ ಕೆಟ್ಟದ್ರ ತನಕ ಐದು ದರ್ಜೆ ಮಾಡ್ಯಾರ: ಮೈಲ್ಡ್, ಮಾಡರೇಟ್, ಸಿವಿಯರ್, ವೆರಿ ಸಿವಿಯರ್, ಎಕ್ಸ್‌ಟ್ರೀಮ್. ಭರತ ಇಳಿತದ ಪಟ್ಟಿ ಎಕ್ಸ್‌ಟ್ರೀಮ್, ಅದಕ್ಕ ಕಮ್ಮೀ ಅಂದ್ರೂ ಎಂ 40, ಕ್ಯೂಬಿಕ್ ಮೀಟರಿಗಿ 360 ಕೆಜಿ ಸಿಮೆಂಟು, ನೀರು ಸಿಮೆಂಟಿನ ತೂಕದ 0.40ಕ್ಕಿಂತ ಜಾಸ್ತಿ ಇರಬಾರ್ದು, ಕವರ್ 75 ಎಂಎಂ. ಸಮುದ್ರದ ನೀರು ಸಿಡಿಯೋ ಜಾಗ ವೆರಿ ಸಿವಿಯರ್: ಎಂ 35, 340 ಕೆಜಿ, 0.45, ಕವರ್ 50 ಎಂಎಂ. ಅದೇ ಸಾಲಿನ್ಯಾಗ ಇನ್ನೊಂದು ಬರೆದಾರ, ಕೆಟ್ಟ ಮಣ್ಣು ಅಥವಾ ಕೆಟ್ಟ ಅಂತರ್ಜಲದಾಗ ಹುಗಿದ ಕಾಂಕ್ರೀಟು ಅಂತ. ಅಂದ್ರ ಸಮುದ್ರದ ಸಿಡಿತಕ್ಕೂ ನಿಮ್ಮ ಸವಳಿಗೂ ಕೋಡಿನ್ಯಾಗ ಒಂದೇ ದರ್ಜೆ. ನಿಮ್ಮ ಇಂಜಿನಿಯರ್ ಆ ಸಾಲು ನೋಡೇ ಬರೆದು ಕೊಟ್ಟಾರ.

ಕವರ್ ಬಗ್ಗೆ ಒಂದು ಮಾತು ಒತ್ತಿ ಹೇಳ್ತೀನಿ, ಯಾಕಂದ್ರ ಇದ್ರಾಗೇ ಎಲ್ಲರೂ ಉಳಿತಾಯ ಮಾಡ್ಲಿಕ್ಕ ಹೋಗ್ತಾರ. ಉಪ್ಪು ಒಳಗ ಹೋಗೋ ಆಳ ವರ್ಷಗಳ ವರ್ಗಮೂಲದ ಲೆಕ್ಕದಾಗ ಬೆಳೀತದ. ಅಂದ್ರ ಅದೇ ಕಾಂಕ್ರೀಟಿನ್ಯಾಗ 25 ಎಂಎಂ ದಾಟಲಿಕ್ಕ 10 ವರ್ಷ ತಗೊಂಡ್ರ 50 ಎಂಎಂ ದಾಟಲಿಕ್ಕ 20 ಅಲ್ಲ, ಹತ್ತಿರ ಹತ್ತಿರ 40 ವರ್ಷ. ಉಲ್ಟಾನೂ ಅಷ್ಟೇ ಖರೆ, 50 ಹೇಳಿದಲ್ಲಿ ರಾಡ್ ಸರಿದು 25 ಆದ್ರ ಆಯುಷ್ಯ ಕಾಲು ಭಾಗಕ್ಕ ಇಳೀತದ. ನಿಮ್ಮ ಹಳೇ ಕಾಲಂ 15 ಎಂಎಂನಾಗ ಇಷ್ಟು ದಿನ ತಾಳಿದ್ದೇ ದೊಡ್ಡದು.

ನಾ ಒಮ್ಮೆ ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಹಳೇ ಜೆಟ್ಟಿಯ ಬೀಮಿಂದ ಕೋರ್ (ಕೊರೆದು ತೆಗೆಯೋ ದುಂಡನ ತುಂಡು) ತೆಗೆದು ಸೀಳಿ, ಹೊಸಾ ಮೈಮ್ಯಾಲ ಸಿಲ್ವರ್ ನೈಟ್ರೇಟ್ ಹೊಡದ್ವಿ. ಕ್ಲೋರೈಡ್ ಇರೋ ಕಡಿ ಬೆಳ್ಳಗ ಹಾಲಿನ ಕೆನಿ ಥರಾ ಬರ್ತದ, ಇಲ್ಲದ ಕಡಿ ಕಂದು ಆಗ್ತದ. ಹೊರಗಿಂದ ಒಳಗ 40 ಎಂಎಂ ತನಕ ಬೆಳ್ಳಗ, ಆಮ್ಯಾಲ ಕಂದು. ಅದೇ ಬೀಮಿನ ಒಂದು ಕಡಿ ರಾಡ್ 50ರಾಗ ಇತ್ತು, ಕರ್ರಗ ಹೊಸದರಂಗ ಇತ್ತು. ಇನ್ನೊಂದು ಕಡಿ ಕವರ್ ಬ್ಲಾಕ್ (ರಾಡ್ ಸರಿಯಲಾರದಂಗ ಇಡೋ ತುಂಡು) ಇಟ್ಟಿದ್ದೇ ಇಲ್ಲ, ರಾಡ್ 30ರಾಗ, ಅಲ್ಲಿ ಬೀಮಿನ ಉದ್ದಕ್ಕೂ ಬೆರಳು ಹೋಗುವಷ್ಟು ಬಿರುಕು. ಒಂದೇ ದಿನ, ಒಂದೇ ಮಾಲ್, ಒಂದೇ ಸಮುದ್ರ. 20 ಎಂಎಂ ಅಷ್ಟೇ ಫರಕು.

ಗೌಂಡಿ ಮಗ (ಸೇಡಂ)

ಆಳಂದದ ಅಣ್ಣೋರು ಪುಸ್ತಕದ್ದೂ ಸಮುದ್ರದ್ದೂ ಹೇಳ್ಯಾರ, ನಾ ಸೈಟಿಂದು ಹೇಳ್ತೀನಿ. ನಮ್ಮಪ್ಪ ಗೌಂಡಿ, ನಾನೂ ಅದೇ ಕೆಲಸ ಮಾಡೇ ಡಿಪ್ಲೊಮಾ ಮುಗಿಸೀನಿ. ಕಾಗದದಾಗ ಎಂ 35 ಅಂತ ಬರೆದ್ರ ಎಂ 35 ಬರಂಗಿಲ್ರಿ, ಬಕೆಟಿನ್ಯಾಗ ಬರ್ತದ.

50 ಕೆಜಿ ಒಂದು ಚೀಲ ಸಿಮೆಂಟಿಗಿ 0.45 ಅಂದ್ರ 22.5 ಲೀಟರ್ ನೀರು, ಅಷ್ಟೇ. ಅದ್ರಾಗ ಉಸುಕಿನ ಹಸಿನೂ ಬಂತು, ಉಸುಕು ತೊಯ್ದಿದ್ರ ಇನ್ನೂ ಕಮ್ಮಿ ಹಾಕ್ಬೇಕು. ನಮ್ಮ ಕಡಿ ಮಿಕ್ಸರಿಗಿ ನೀರು ಹಾಕೋ ಹುಡುಗ ಅಳತಿ ಮಾಡಂಗಿಲ್ಲ, ಮಾಲ್ ಜಾರಬೇಕು ಅಷ್ಟೇ ಅವನ ಲೆಕ್ಕ, 30 ಲೀಟರಿನ ಮ್ಯಾಲೇ ಹೋಗಿರ್ತದ, ಅಂದ್ರ 0.60. ಸಿಮೆಂಟಿಗಿ ಬೇಕಾದ್ದಕ್ಕಿಂತ ಜಾಸ್ತಿ ಆದ ನೀರು ಮುಂದ ಒಣಗಿ ಹೋಗ್ತದ, ಅದು ಇದ್ದ ಜಾಗ ತೂತಾಗಿ ಉಳೀತದ, ಉಪ್ಪು ಒಳಗ ಹೋಗೋ ದಾರಿ ಅದೇ. ನಾ ಏನ್ ಮಾಡ್ತೀನಂದ್ರ 10 ಲೀಟರಿನ ಬಕೆಟಿಗಿ ಒಳಗ ಕೆಂಪು ಬಣ್ಣದಾಗ ಗೆರಿ ಹೊಡೀತೀನಿ, ಗೆರಿ ತನಕ ಎರಡು ಬಕೆಟ್, ಮ್ಯಾಲ ಒಂದು ಎರಡೂವರಿ ಲೀಟರಿನ ಡಬ್ಬಿ, ಅದಕ್ಕಿಂತ ಒಂದು ಲೋಟಾ ಜಾಸ್ತಿ ಇಲ್ಲ. ಅಷ್ಟು ನೀರಾಗ ಮಾಲ್ ಬಿಗಿ ಆಗ್ತದ, ಗೌಂಡಿಗೋಳು ಬೈತಾರ, ಅದ್ಕೇ ಪ್ಲಾಸ್ಟಿಸೈಜರ್ ಹಾಕ್ಬೇಕು. ನೀರು ಹೆಚ್ಚಿಸಲಾರದೇ ಮಾಲ್ ಜಾರಂಗ ಮಾಡೋದು ಅದು. ತಗೊಳ್ಳೋವಾಗ ಡಬ್ಬಿ ಮ್ಯಾಲ ಕ್ಲೋರೈಡ್ ಇಲ್ಲ ಅಂತ ಬರೆದದ ಇಲ್ಲ ನೋಡ್ರಿ, ಲಗೂ ಗಟ್ಟಿ ಆಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಇರೋದು ತಂದ್ರ ನೀವೇ ಉಪ್ಪು ಹಾಕಿದಂಗ. ಇನ್ನೊಂದು, ಎಂ 20ರ ಮ್ಯಾಲ 1:1.5:3 (ಸಿಮೆಂಟು, ಉಸುಕು, ಖಡಿ) ಅಂತ ಬುಟ್ಟಿ ಲೆಕ್ಕ ನಡ್ಯಂಗಿಲ್ಲ, ಲ್ಯಾಬಿನ್ಯಾಗ ನಿಮ್ಮ ಖಡಿ, ನಿಮ್ಮ ಉಸುಕು ಕೊಟ್ಟು ಮಿಕ್ಸ್ ಡಿಸೈನ್ (ಯಾವುದು ಎಷ್ಟು ಕೂಡಿಸಬೇಕನ್ನೋ ಲೆಕ್ಕ) ಮಾಡಿಸ್ರಿ.

ಕವರ್ ಬ್ಲಾಕ್ ಖಡಿ ಚೂರು ಇಟ್ಟು ನಡೀಲಿಕ್ಕ ಬಿಡಬ್ಯಾಡ್ರಿ, ಪರ್ಸಿ ಚೂರೂ ಬ್ಯಾಡ. ಅದೇ ದರ್ಜೆ ಕಾಂಕ್ರೀಟಿನ 50 ಎಂಎಂ ಬ್ಲಾಕ್ ಮಾಡಿ ನೀರಾಗ ಹಾಕಿಟ್ಟು ಆಮ್ಯಾಲ ಕಟ್ರಿ. ಬೈಂಡಿಂಗ್ ತಂತಿ ತುದಿ ಎಲ್ಲಾ ಒಳಗ ಮಡಿಚಿರಬೇಕು, ಹೊರಗ ಚಾಚಿದ ಒಂದು ತಂತಿ ಸಾಕು ತುಕ್ಕಿಗಿ ದಾರಿ ತೋರ್ಸಲಿಕ್ಕ. ವೈಬ್ರೇಟರ್ ಬೇಕೇ ಬೇಕು, ರಾಡಿಂದ ಚುಚ್ಚಿದ್ರ ಕೆಳಗ ಖಡಿ ಖಡಿ ಕಾಣಂಗ ತೂತು ಉಳೀತದ, ಕಾಲಂನ ಬುಡದಾಗೇ ಅದು ಜಾಸ್ತಿ, ನಿಮ್ಮ ಕೆಟ್ಟ ಪಟ್ಟಿನೂ ಅಲ್ಲೇ.

ಕ್ಯೂರಿಂಗ್ (ಹಾಕಿದ ಕಾಂಕ್ರೀಟು ಹಸಿ ಇಡೋದು) ಬಗ್ಗೆ ನನಗ ಭಾಳ ಸಂಕಟ ಅದ. ನಮ್ಮ ಕಡಿ 43, 44 ಡಿಗ್ರಿ ಬಿಸಲು, ಮುಂಜಾನೆ ಎರಡು ಕೊಡಾ ನೀರು ಹೊಡೆದು ಹೋದ್ರ ಅರ್ಧ ತಾಸಿನ್ಯಾಗ ಒಣಗಿ ಬೂದಿ ಬಣ್ಣ ಆಗಿರ್ತದ, ಒಳಗ ಸಿಮೆಂಟು ಅರ್ಧಕ್ಕೇ ನಿಲ್ತದ. ಅದೂ ಮ್ಯಾಲಿನ 50 ಎಂಎಂನಾಗೇ ನಿಲ್ತದ, ರಾಡಿನ ಪಹರೆ ಇರೋ ಜಾಗದಾಗೇ. ಗೋಣಿತಟ್ಟು ಕಾಲಂಗೆ ಸುತ್ತಿ ಮ್ಯಾಲ ಪ್ಲಾಸ್ಟಿಕ್ ಹಾಳಿ ಕಟ್ರಿ, 14 ದಿನ ಹಸಿ ಆರಬಾರ್ದು. ಕೋಡು ಒಣ ಬಿಸಲಿನ ಕಡಿ 10 ದಿನ ಅಂತದ, ಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕಿಟ್ಟ) ಕೂಡಿದ ಸಿಮೆಂಟಿಗಿ 14 ಮಾಡ್ರಿ ಅಂತದ. ಮಾಲ್ ಹಾಕೋದು ನಸುಕಿನ್ಯಾಗ ಇಲ್ಲಾ ಸಂಜಿಗಿ.

ಪ್ರಯೋಗಶಾಲೆ (ಕಲಬುರಗಿ)

ನಾನು ಮಣ್ಣು, ನೀರು ಪರೀಕ್ಷಾ ಮಾಡೋ ಕೆಲಸದಾಗಿದ್ದೀನ್ರಿ. ಎಲ್ಲಾ ಹೇಳ್ಯಾರ ಆದ್ರ ಮೊದಲ ಮಾಡಬೇಕಾದ್ದು ಯಾರೂ ಹೇಳಿಲ್ಲ, ನಿಮ್ಮ ಬೋರಿನ ನೀರು ಎರಡು ಲೀಟರು, ಫುಟಿಂಗ್ ಆಳದ ಮಣ್ಣು ಎರಡು ಕೆಜಿ ತಂದು ಪರೀಕ್ಷಾ ಮಾಡಿಸ್ರಿ. ನಾಲಿಗಿ ಮ್ಯಾಲ ಲೆಕ್ಕ ಹಾಕಬ್ಯಾಡ್ರಿ. ಕಾಂಕ್ರೀಟ್ ಕಲಸೋ ನೀರಾಗ ಲೀಟರಿಗಿ 500 ಮಿಲಿಗ್ರಾಂಕ್ಕಿಂತ ಜಾಸ್ತಿ ಕ್ಲೋರೈಡ್ ಇರಬಾರ್ದು ರಾಡ್ ಇರೋ ಕೆಲಸಕ್ಕ, ಸಲ್ಫೇಟ್ 400, ಪಿಎಚ್ 6ಕ್ಕಿಂತ ಕಮ್ಮಿ ಇರಬಾರ್ದು. ರಾಡ್ ಇಲ್ಲದ ಬೆಡ್ ಕಾಂಕ್ರೀಟಿಗಿ ಕ್ಲೋರೈಡ್ 2000 ತನಕ ಬಿಟ್ಟಾರ, ಯಾಕಂದ್ರ ಅಲ್ಲಿ ಕೆಡಲಿಕ್ಕ ಕಬ್ಬಿಣನೇ ಇಲ್ಲ.

ಸವಳಿನ್ಯಾಗ ಎರಡು ವೈರಿ ಇರ್ತಾವ್ರಿ, ಅವೆರಡೂ ಬ್ಯಾರೆ ಬ್ಯಾರೆ. ಕ್ಲೋರೈಡ್ ರಾಡ್ ತಿಂತದ. ಸಲ್ಫೇಟ್ ರಾಡಿನ ತಂಟೆಗಿ ಹೋಗಂಗಿಲ್ಲ, ಸಿಮೆಂಟಿನ ಅಂಟನ್ನೇ ಹಿಡಿದು ಉಬ್ಬಿಸ್ತದ, ಕಾಂಕ್ರೀಟು ಮೆತ್ತಗಾಗಿ ಪುಡಿ ಪುಡಿ ಆಗ್ತದ. ಅದ್ಕೇ ಸಿಮೆಂಟ್ ಯಾವುದು ಅನ್ನೋ ಪ್ರಶ್ನೆ ಮಣ್ಣಿನ ರಿಪೋರ್ಟ್ ಇಲ್ಲದೇ ಹೇಳಲಿಕ್ಕ ಬರಂಗಿಲ್ಲ.

ಕಟ್ಟಡ_ಸಾಮಾನು (ಯಾದಗಿರಿ)

ಇಷ್ಟೆಲ್ಲಾ ಯಾಕ್ರಿ, ಸಲ್ಫೇಟ್ ರೆಸಿಸ್ಟಿಂಗ್ ಸಿಮೆಂಟ್ ತಗೋರಿ, ಸವಳಿಗಿ ಅದೇ ಇರೋದು. ಮ್ಯಾಲ ಎಪಾಕ್ಸಿ (ಪ್ಲಾಸ್ಟಿಕ್‌ನಂಥ ಪೊರೆ) ಕೋಟಿಂಗ್ ರಾಡ್ ಹಾಕ್ರಿ. ನನ್ನ ಗಿರಾಕಿಗೋಳಿಗಿ ನಾ ಅದೇ ಹೇಳೋದು.

ಪ್ರಯೋಗಶಾಲೆ (ಕಲಬುರಗಿ)

@ಕಟ್ಟಡ_ಸಾಮಾನು, ನಿಮ್ಮ ಮನಸ್ಸು ಛಲೋ ಅದ ಆದ್ರ ಇಲ್ಲಿ ಅದು ಉಲ್ಟಾ ಹೊಡೀಬಹುದ್ರಿ. ಸಲ್ಫೇಟ್ ತಡಿಯೋ ಸಿಮೆಂಟಿನ್ಯಾಗ ಸಿ3ಎ ಅನ್ನೋ ಅಂಶ 5 ಪರ್ಸೆಂಟಿಗಿಂತ ಕಮ್ಮಿ ಇಟ್ಟಿರ್ತಾರ, ಸಲ್ಫೇಟ್ ಅದನ್ನೇ ಹಿಡಿಯೋದ್ರಿಂದ. ಆದ್ರ ಒಳಗ ಬಂದ ಕ್ಲೋರೈಡನ್ನ ಕಟ್ಟಿ ಹಾಕಿ ರಾಡಿನ ತನಕ ಹೋಗಲಾರದಂಗ ತಡಿಯೋದೂ ಅದೇ ಸಿ3ಎ. ಅದನ್ನ ಕಮ್ಮಿ ಮಾಡಿದ್ರ ಸಲ್ಫೇಟಿಂದ ಪಾರಾಗಿ ಕ್ಲೋರೈಡಿನ ಕೈಯಾಗ ಸಿಗ್ತೀರಿ. ಎರಡೂ ಇರೋ ಜಾಗಕ್ಕ ಸ್ಲ್ಯಾಗ್ ಸಿಮೆಂಟ್ ಅಥವಾ ಹಾರುಬೂದಿ ಇರೋ ಪಿಪಿಸಿ ಸಿಮೆಂಟ್ ಛಲೋ, ಸಮುದ್ರದ ನೀರಿಗಿ ಇವೆರಡೂ ಅನುಕೂಲ ಅಂತ ಕೋಡೇ ಹೇಳ್ತದ. ಸ್ಲ್ಯಾಗ್ ಅಂದ್ರ ಉಕ್ಕಿನ ಕಾರ್ಖಾನ್ಯಾಗ ಕಬ್ಬಿಣ ಕರಗಿಸ್ದಾಗ ಮ್ಯಾಲ ತೇಲೋ ಕಿಟ್ಟ, ಸ್ಲ್ಯಾಗ್ ಸಿಮೆಂಟಿನ್ಯಾಗ ಅದು 25ರಿಂದ 70 ಪರ್ಸೆಂಟ್ ತನಕ ಇರ್ತದ. ಬೂದಿ ಅಂದ್ರ ರಾಯಚೂರು ಶಕ್ತಿನಗರದಂಥಾ ಥರ್ಮಲ್‌ನಾಗ ಕಲ್ಲಿದ್ದಲು ಸುಟ್ಟು ಬರೋದು. ಇವು ಸಿಮೆಂಟಿನ ಸುಣ್ಣದ ಜೋಡಿ ಕೂಡಿ ಮತ್ತ ಅಂಟು ಕಟ್ತಾವ, ತೂತು ಸಣ್ಣ ಆಗ್ತಾವ, ಉಪ್ಪಿನ ದಾರಿ ಮುಚ್ತದ. ಆದ್ರ ನಿಧಾನಕ್ಕ, ಅದ್ಕೇ ಗೌಂಡಿ ಮಗ ಅಣ್ಣೋರು ಹೇಳಿದ 14 ದಿನದ ಕ್ಯೂರಿಂಗ್ ಇಲ್ಲಂದ್ರ ಇವೇ ಸಿಮೆಂಟು ಏನೂ ಕೂಡಿಸಲಾರದ ಸಾದಾ ಸಿಮೆಂಟಿಗಿಂತ (ಓಪಿಸಿ) ಕೆಟ್ಟ ಆಗ್ತಾವ.

ಆಳಂದದವ (ಈಗ ಕರಾವಳ್ಯಾಗ ಕೆಲ್ಸ)

ಎಪಾಕ್ಸಿ ರಾಡ್ ಬಗ್ಗೆ ನಾನೂ ಒಂದು ಹೇಳ್ತೀನಿ. ಕಾರ್ಖಾನ್ಯಾಗ ಅದು ಛಲೋ ಇರ್ತದ, ಸೈಟಿಗಿ ಬಂದು ಟ್ರ್ಯಾಕ್ಟರಿಂದ ದಬಾ ದಬಾ ಕೆಳಗ ಒಗೆದು, ಪಾನಾ ಹಾಕಿ ಬಗ್ಗಿಸಿ, ತಂತಿ ಬಿಗಿದ್ರ ನೂರು ಕಡಿ ಪೊರೆ ಕಿತ್ತಿರ್ತದ. ಕೋಟಿಂಗ್ ಇಲ್ಲದ ರಾಡಿನ್ಯಾಗ ತುಕ್ಕು ಉದ್ದಕ್ಕ ಹಂಚಿ ಹೋಗ್ತದ, ಇಲ್ಲಿ ಆ ಸಣ್ಣ ಗಾಯದಾಗೇ ಕೂತು ಆಳಕ್ಕ ಕೊರೀತದ. ಅಮೆರಿಕಾದ ಫ್ಲೋರಿಡಾದಾಗ ಸಮುದ್ರದ ಮ್ಯಾಲಿನ ದೊಡ್ಡ ಸೇತುವೆಗೋಳಿಗಿ ಇದೇ ರಾಡ್ ಹಾಕಿ, ಹತ್ತು ವರ್ಷ ತುಂಬೋದ್ರಾಗೇ ಅಲಿ ಸಿಡಿಯೋ ಪಟ್ಯಾಗ ತುಕ್ಕು ಕಂಡ್ರು. ಇನ್ನೊಂದು ಕಡಿ ಮೆಕ್ಸಿಕೋದ ಪ್ರೊಗ್ರೆಸೋ ಬಂದರದಾಗ 1937ರಿಂದ 1941ರ ತನಕ ಸ್ಟೇನ್‌ಲೆಸ್ ಸ್ಟೀಲ್ ರಾಡ್ ಹಾಕಿ ಕಟ್ಟಿದ ಜೆಟ್ಟಿ ಅದ, ಎಷ್ಟೋ ದಶಕ ಆದ್ಮ್ಯಾಲೂ ಗಟ್ಟಿ ಇತ್ತು, ಅದ್ರ ಬಾಜೂಕ ಆಮ್ಯಾಲ ಸಾದಾ ರಾಡಿನ್ಯಾಗ ಕಟ್ಟಿದ್ದು ನೀರಾಗ ಬರೇ ಬುಡ ಉಳಿದದ. ಮನಿಗಿ ಸ್ಟೇನ್‌ಲೆಸ್ ಯಾರೂ ಹಾಕಲಿಕ್ಕ ಆಗಂಗಿಲ್ಲ, ಅಷ್ಟು ತುಟ್ಟಿ. ಸಾದಾ ಛಲೋ ರಾಡೇ ಹಾಕು ತಮ್ಮಾ, ಆ ರೊಕ್ಕ ಕವರಿಗೂ ವೈಬ್ರೇಟರಿಗೂ ಸಿಹಿ ನೀರಿಗೂ ಹಾಕು. ರಾಡ್ ತಂದು ಸವಳು ನೆಲದ ಮ್ಯಾಲ ಹಂಗೇ ಬಿಡಬ್ಯಾಡ, ಕಟಗಿ ಮ್ಯಾಲ ಇಟ್ಟು ತಾಡಪತ್ರಿ ಮುಚ್ಚು.

ಕೆಂಪುಕಲ್ಲು (ಬೀದರ್)

ನಾವೂ ಬೀದರಿನ್ಯಾಗ ಮನಿ ಹಚ್ಚೀವಿ, ಇದನ್ನ ಓದಿ ಗಾಬರಿ ಆಗ್ಲತ್ತದ. ನಮ್ದು ಕೆಂಪು ಜಂಬಿಟ್ಟಿಗಿ ನೆಲ, ಬಾವಿ ನೀರು ಸಿಹಿ ಅದ, ಕುಡೀತೀವಿ. ನಮಗೂ ಎಂ 35 ಬೇಕಾ? ನಮ್ಮ ಕೋಟಿ ನೋಡ್ರಿ, ಬಹಮನಿ ಸುಲ್ತಾನರ ಕಾಲದಿಂದ ಅದೇ ಕೆಂಪು ಕಲ್ಲಿನ್ಯಾಗ ನಿಂತದ.

ಪ್ರಯೋಗಶಾಲೆ (ಕಲಬುರಗಿ)

ಗಾಬರಿ ಬ್ಯಾಡ್ರಿ. ಸಿಹಿ ನೀರು, ಉಪ್ಪಿಲ್ಲದ ಮಣ್ಣು ಅಂದ್ರ ನೆಲದಾಗಿನ ಕೆಲಸ ಮಾಡರೇಟ್ ದರ್ಜೆ, ಎಂ 25, ನೀರು 0.50, ಕವರ್ 30, ಕಾಲಂಗೆ 40, ಫುಟಿಂಗಿಗಿ 50, ಸಾಕು. ಕೋಟಿ ಮಾತು ಛಲೋ ತೆಗೆದ್ರಿ, ಕೋಟಿಯ ಗ್ವಾಡ್ಯಾಗ ರಾಡ್ ಇಲ್ಲ. ರೋಮಿನವ್ರು ಜ್ವಾಲಾಮುಖಿ ಬೂದಿ ಮತ್ತ ಸುಣ್ಣ ಕೂಡ್ಸಿ ಸಮುದ್ರದಾಗ ಕಟ್ಟಿದ್ದು ಎರಡು ಸಾವಿರ ವರ್ಷ ಆದ್ರೂ ಉಳಿದದ, ಅದ್ರಾಗೂ ರಾಡ್ ಇಲ್ಲ. ಕಬ್ಬಿಣ ಒಳಗಿಟ್ಟ ದಿನದಿಂದ ಅದನ್ನ ಕಾಯೋ ಕೆಲಸ ನಮಗ ಬಿದ್ದದ.

ತೊಗರಿಹೊಲ (ಶಹಾಪುರ ತಾಲೂಕು, ಯಾದಗಿರಿ)

ಎಲ್ಲಾ ಅಣ್ಣೋರಿಗೂ ಕೈ ಮುಗೀತೀನಿ. ರಿಪೋರ್ಟ್ ಬಂದದ. ಬೋರ್ ನೀರಾಗ ಕ್ಲೋರೈಡ್ ಲೀಟರಿಗಿ 1140 ಮಿಲಿಗ್ರಾಂ, ಸಲ್ಫೇಟ್ 460. ಮಣ್ಣಿನ್ಯಾಗ ಸಲ್ಫೇಟ್ 0.3 ಪರ್ಸೆಂಟ್. ಕಾಲುವೆ ನೀರೂ ಕೊಟ್ಟಿದ್ದೆ, ಅದ್ರಾಗ ಕ್ಲೋರೈಡ್ ಬರೇ 60. ಗುತ್ತೇದಾರ ಇನ್ನೂ ಅಂತಾನ, ನೀರಾಗ ಎಷ್ಟು ಉಪ್ಪು ಇದ್ದೀತು, ಚಿಟಿಕಿ ಉಪ್ಪಿಗಿ ಮನಿ ಬೀಳ್ತದೇನ್ರಿ ಅಂತ. ಅವನಿಗಿ ಏನ್ ಹೇಳ್ಲಿ? ಇಡೀ ಮನಿಗಿ ಎಂ 35 ಬೇಕಾ ಅದೂ ಹೇಳ್ರಿ, ಖರ್ಚಿನ ಚಿಂತಿ ಅದ.

ಪ್ರಯೋಗಶಾಲೆ (ಕಲಬುರಗಿ)

ಅವನಿಗಿ ಲೆಕ್ಕ ತೋರ್ಸ್ರಿ. ಒಂದು ಕ್ಯೂಬಿಕ್ ಮೀಟರಿಗಿ 340 ಕೆಜಿ ಸಿಮೆಂಟು, 0.45 ಅಂದ್ರ 153 ಲೀಟರ್ ನೀರು. ಲೀಟರಿಗಿ 1.14 ಗ್ರಾಂ ಅಂದ್ರ ಹತ್ತಿರ ಹತ್ತಿರ 174 ಗ್ರಾಂ ಕ್ಲೋರೈಡ್. ರಾಡ್ ಇರೋ ಕಾಂಕ್ರೀಟಿನ್ಯಾಗ ಸಿಮೆಂಟು, ಉಸುಕು, ಖಡಿ, ನೀರು, ಕೆಮಿಕಲ್ ಎಲ್ಲಾ ಕೂಡಿ 600 ಗ್ರಾಂ ದಾಟಬಾರ್ದು. ಬರೇ ಕಲಸೋ ನೀರಿನ್ಯಾಗೇ ಕಾಲು ಭಾಗಕ್ಕಿಂತ ಜಾಸ್ತಿ ತಿಂದು ಹಾಕಿದ್ರಿ, ಅದೂ ಹೊರಗಿನ ಉಪ್ಪು ಒಂದು ಎಂಎಂ ಒಳಗ ಬರೋಕ್ಕಿಂತ ಮೊದಲೇ. ಈ ಉಪ್ಪು ಕವರ್ ದಾಟಬೇಕಾಗೇ ಇಲ್ಲ, ರಾಡಿನ ಮೈಮ್ಯಾಲೇ ಕೂತಿರ್ತದ. ಅದೇ ನೀರಾಗ 14 ದಿನ ಕ್ಯೂರಿಂಗ್ ಮಾಡಿದ್ರ ಹೊರಗಿಂದಾನೂ ತುಂಬ್ತೀರಿ. ಕಾಲುವೆ ನೀರೇ ತಗೋರಿ, ಟಾಕ್ಯಾಗ ಒಂದಿನ ಬಿಟ್ಟು ರಾಡಿ ಕೆಳಗ ಕೂಡಿದ ಮ್ಯಾಲ ಮ್ಯಾಲಿಂದ ತೆಗೀರಿ. ಕ್ಯೂರಿಂಗಿಗೂ ಅದೇ ನೀರು.

ಮಣ್ಣಿನ 0.3 ಅಂದ್ರ ಸಲ್ಫೇಟಿನ ಎರಡನೇ ದರ್ಜೆ, 0.2ರಿಂದ 0.5ರ ನಡುವ ಬರ್ತದ, ಅದಕ್ಕ ಸ್ಲ್ಯಾಗ್ ಅಥವಾ ಪಿಪಿಸಿ 330 ಕೆಜಿ ಸಾಕು, ನಿಮ್ದು ಹೆಂಗೂ 340ರ ಮ್ಯಾಲೇ ಬರ್ತದ.

ಗೌಂಡಿ ಮಗ (ಸೇಡಂ)

ಖರ್ಚಿಂದು ನಾ ಹೇಳ್ತೀನಿ. ಫುಟಿಂಗು, ಪ್ಲಿಂಥ್ ಬೀಮು (ನೆಲಮಟ್ಟದ ಬೀಮು), ಕೆಳಗಿನ ಅಂತಸ್ತಿನ ಕಾಲಂ, ಇವಕ್ಕ ಎಂ 35. ಮ್ಯಾಲಿನ ಸ್ಲ್ಯಾಬು, ಬೀಮಿಗಿ ಉಪ್ಪು ಏರಂಗಿಲ್ಲ, ಎಷ್ಟು ಇಳಿಸಬಹುದು ನಿಮ್ಮ ಇಂಜಿನಿಯರನ್ನೇ ಕೇಳ್ರಿ, ರೊಕ್ಕ ಅಲ್ಲಿ ಉಳೀತದ. ಫುಟಿಂಗ್ ಕೆಳಗ ಬೆಡ್ ಕಾಂಕ್ರೀಟ್ ಹಾಕದೇ ರಾಡ್ ಜಾಳಗಿ ಇಡಬ್ಯಾಡ್ರಿ, ಕವರ್ ಅಲ್ಲಿ 75 ಬಿಟ್ರ ಭಾಳ ಛಲೋ. ಕ್ಯೂರಿಂಗ್ ಮುಗಿದು ಒಣಗಿದ ಮ್ಯಾಲ ಮಣ್ಣಿಗಿ ತಾಗೋ ಮೈಗೆಲ್ಲಾ ಡಾಂಬರ್ ಬಣ್ಣ ಎರಡು ಕೈ ಹಚ್ರಿ, ಕಾಲಂಗೆ ನೆಲದ ಮ್ಯಾಲ ಒಂದು ಫೂಟ್ ತನಕ ಏರ್ಸಿ. ಅದು ಬತ್ತಿ ಎಣ್ಣಿ ಎಳಿಯೋದನ್ನ ಕಮ್ಮಿ ಮಾಡ್ತದ. ತುಂಬಲಿಕ್ಕ ಹೊಲದ ಎರಿ ಮಣ್ಣು ಬ್ಯಾಡ, ಮುರುಮ ತರಿಸ್ರಿ, ಎರಿ ಮಣ್ಣು ಮಳಿಗಾಲದಾಗ ಉಬ್ಬಿ ಬ್ಯಾಸಿಗ್ಯಾಗ ಸೀಳಿ ಪ್ಲಿಂಥ್ ಬೀಮಿಗಿ ಬಿರುಕು ಬಿಡಿಸ್ತದ, ಬಿರುಕು ಬಿಟ್ರ 50 ಎಂಎಂ ಕವರ್ ಇದ್ದೂ ಇಲ್ಲದಂಗ. ಮನಿ ಸುತ್ತ ಮೂರು ಫೂಟ್ ಪರ್ಸಿ ಹಾಸಿ ಹೊರಗ ಇಳಿಜಾರು ಕೊಡ್ರಿ, ನೀರು ಬುಡದಾಗ ನಿಲ್ಲಬಾರ್ದು.

ವಾಟರ್‌ಪ್ರೂಫ್ ಪೌಡರ್ ಹಾಕೋದು ಬಿಡೋದು ನಿಮ್ಮಿಷ್ಟ. 30 ಲೀಟರ್ ನೀರು ಹಾಕಿ ಪೌಡರ್ ಹಾಕಿದ್ರ ಏನೂ ಆಗಂಗಿಲ್ಲ.

ಆಳಂದದವ (ಈಗ ಕರಾವಳ್ಯಾಗ ಕೆಲ್ಸ)

ಹಳೇ ಮನಿದು ಯಾರೂ ಹೇಳಿಲ್ಲ. ತಮ್ಮಾ, ಮತ್ತ ಗಿಲಾವ್ ಹಚ್ಚಬ್ಯಾಡ, ಅದು ಗಾಯದ ಮ್ಯಾಲ ಪಟ್ಟಿ ಕಟ್ಟಿ ಒಳಗ ಕೀವು ಬಿಟ್ಟಂಗ. 12 ಎಂಎಂ ರಾಡ್ 9 ಆಗ್ಯದ ಅಂದ್ರ ಕಬ್ಬಿಣದ ತಾಕತ್ತು ಕಾಲು ಭಾಗ ಅಲ್ಲ, ಹತ್ತಿರ ಹತ್ತಿರ 44 ಪರ್ಸೆಂಟ್ ಹೋಗ್ಯದ, ಅಗಲದ ವರ್ಗದ ಲೆಕ್ಕ ಅದು. ಅದ್ಕೇ ಮೊದಲ ಸ್ಲ್ಯಾಬಿಗಿ ಜಾಕಿ ಕೊಟ್ಟು ಭಾರ ಹಿಡೀರಿ, ಇವತ್ತೇ. ಆಮ್ಯಾಲ ಇಂಜಿನಿಯರ್ ನಿಂತು ಒಂದೊಂದೇ ಕಾಲಂ ಮಾಡಿಸಬೇಕು, ನಾಕೂ ಒಮ್ಮೆ ಒಡೀಬಾರ್ದು.

ಸುತ್ತಿಗಿಂದ ಹಗೂರಕ ಬಡೀತಾ ಮ್ಯಾಲ ಹೋಗ್ರಿ, ಗಟ್ಟಿ ಇದ್ದಲ್ಲಿ ಠಣ್ ಅಂತದ, ಬಿಟ್ಟಲ್ಲಿ ಬೊದ್ ಅಂತದ. ಬೊದ್ ಅನ್ನೋ ಜಾಗ ಮುಗಿದ ಮ್ಯಾಲೂ ಒಂದು ಫೂಟ್ ತನಕ ಒಡೀರಿ, ಯಾಕಂದ್ರ ಅಲ್ಲಿ ಉಪ್ಪು ತುಂಬಿರ್ತದ ಆದ್ರ ಇನ್ನೂ ಸೀಳಿಲ್ಲ. ಅದನ್ನ ಹಂಗೇ ಬಿಟ್ಟು ಕೆಟ್ಟಷ್ಟೇ ಹೊಸಾ ಮಾಲ್ ತುಂಬಿದ್ರ ತುಕ್ಕು ಹೊಸದ್ರ ದಂಡಿಗಿ ಹೋಗಿ ಕೂಡ್ತದ, ಎರಡು ವರ್ಷದಾಗ ಮತ್ತ ಮ್ಯಾಲ ಒಡೀತದ. ರಾಡಿನ ಹಿಂದ ಬೆರಳು ಹೋಗುವಷ್ಟು, 20ರಿಂದ 25 ಎಂಎಂ ತನಕ ಕಡೀಬೇಕು, ರಾಡ್ ಬೆಳ್ಳಗ ಹೊಳಿಯೋ ತನಕ ಉಜ್ಜಬೇಕು, ಸಿಹಿ ನೀರಿಂದ ತೊಳೀಬೇಕು, ಬಾಜೂಕ ಹೊಸಾ ರಾಡ್ ಕಟ್ಟಿ ಮ್ಯಾಲೂ ಕೆಳಗೂ ಸಾಕಷ್ಟು ಉದ್ದ ಜೋಡಿಸಬೇಕು, ಸುತ್ತ ಕಾಲಂ ದಪ್ಪ ಮಾಡಿ ಮೈಕ್ರೋ ಕಾಂಕ್ರೀಟ್ (ಸಣ್ಣ ಖಡಿಯ, ತಾನೇ ಹರಿಯೋ ಕಾಂಕ್ರೀಟು) ಸುರೀಬೇಕು. ಬೋರ್ ನೀರಾಗ ಕಲಸಿ ಕಟ್ಟಿದ್ರ ಇಡೀ ಕಾಲಂನಾಗೇ ಉಪ್ಪು ಇರಬಹುದು, ಮ್ಯಾಲಿಂದ ಒಂದು ತುಂಡು ತೆಗೆದು ಕಲಬುರಗಿ ಲ್ಯಾಬಿಗಿ ಕೊಡ್ರಿ. ಹಂಗಿದ್ರ ರಿಪೇರಿ ಮಾಡಿ ರೊಕ್ಕ ಹಾಕೋದಕ್ಕಿಂತ ಹೊಸಾ ಮನಿ ಮುಗಿದ ಮ್ಯಾಲ ಅದನ್ನ ಇಳಿಸೋದೇ ಛಲೋ.

ತೊಗರಿಹೊಲ (ಶಹಾಪುರ ತಾಲೂಕು, ಯಾದಗಿರಿ)

ಜಾಕಿ ನಿನ್ನೇನೇ ಕೊಟ್ವಿ ಅಣ್ಣೋರೇ, ಅವ್ವ ಅಪ್ಪನ್ನ ಹಿಂದಿನ ಕ್ವಾಣಿಗಿ ಕಳಿಸೀವಿ.

ಗುತ್ತೇದಾರನಿಗಿ 174 ಗ್ರಾಂ ಲೆಕ್ಕ ಕೈಯಾಗ ತೋರ್ಸಿದೆ. ಮಾತಿನ್ಯಾಗ ಹೇಳಿದ್ರ ಅಂವ ಕೇಳ್ತಿದ್ದಿಲ್ಲ, ಅಡಗಿ ಮನಿಯಿಂದ ಅಷ್ಟು ಉಪ್ಪು ತೂಗಿ ಕಾಗದದ ಮ್ಯಾಲ ಸುರಿದು ಇಟ್ಟೆ, ಸುಮ್ಮನ ನೋಡ್ದ, ಆಮ್ಯಾಲ ‘ಟ್ಯಾಂಕರ್ ಎಷ್ಟು ಗಂಟೆಗಿ ಬರ್ತದ’ ಅಂತ ಕೇಳ್ದ. ಉಪ್ಪಿನ್ಯಾಗ ಕ್ಲೋರೈಡ್ ಪೂರಾ ಇರಂಗಿಲ್ಲ ಅಂತ ಗೊತ್ತದ, ಅದ್ಕೇ ಖರೆ ಲೆಕ್ಕದಾಗ ಅದಕ್ಕಿಂತ ಜಾಸ್ತೀನೇ ಆಗ್ತದ ಅಂತನೂ ಹೇಳ್ದೆ.

ಮೊದಲ ಎರಡು ಫುಟಿಂಗ್ ಇವತ್ತ ನಸುಕಿನ್ಯಾಗ ಹಾಕಿದ್ವಿ. ಬಕೆಟಿಗಿ ಕೆಂಪು ಗೆರಿ ಹೊಡೆದೀನಿ, ನೀರಿನ ಹತ್ರ ಅಪ್ಪನೇ ಕುಂತಿದ್ರು, ಒಂದೊಂದು ಚೀಲಕ್ಕೂ ಕಡ್ಡಿ ಎಣಿಸಿಟ್ರು. ಒಂದೇ ಚಿಂತಿ, ಕಾಲುವೆ ವಾರಬಂದ್ಯಾಗ ಹತ್ತು ದಿನ ನೀರು ಬಂದ್ ಆಗ್ತದ, ಆ ಹತ್ತು ದಿನಕ್ಕ ಕ್ಯೂರಿಂಗ್ ನೀರು ಹಳೇ ಸಿಮೆಂಟ್ ಟಾಕ್ಯಾಗ ತುಂಬಿಟ್ರ ನಡೀತದಾ?

ಗೌಂಡಿ ಮಗ (ಸೇಡಂ)

ನಡೀತದ್ರಿ. ಟಾಕಿ ಬೋರ್ ನೀರಿಂದು ಆಗಿದ್ರ ಎರಡು ಸಲ ತೊಳೆದು ತುಂಬ್ರಿ, ಪಾಚಿ ಕಟ್ಟಲಾರದಂಗ ಮ್ಯಾಲ ಮುಚ್ರಿ.